ತಂಗಿಯ ಗಿಟಾರಿಗೆ ಕೂರಿಸಿದ ಮೂಳೆ

ಬಿಸಿಲು ಎದುರುಮನೆಯ ನೀರಿನ ತೊಟ್ಟಿ ದಾಟಿ ತಾರಸಿಗೆ ಇಳಿಯುವುದರೊಳಗೆ ಗುಂಡಿಯಕ್ಕ ತನ್ನ ಮೂಳೆಗಳನ್ನು ನೆರಳಿಗೆ ಎಳೆದುಕೊಳ್ಳಬೇಕು. ಬೆರಳುದ್ದದ ಚಪ್ಪಟೆ ತುಂಡುಗಳು ಹಳೆಯ ಕಿಟಕಿ ಜಾಲರಿಯ ಮೇಲೆ ಸಾಲಾಗಿ ಮಲಗಿವೆ. ಒಂದೊಂದನ್ನೇ ಮಗುಚುತ್ತಾಳೆ, ಮೂಗಿಗೆ ಹಿಡಿಯುತ್ತಾಳೆ. ಜಿಡ್ಡಿನ ವಾಸನೆ ಉಳಿದಿದ್ದರೆ ಅದು ಮತ್ತೆ ಕುದಿಯುವ ಪಾತ್ರೆಗೆ ಹೋಗುತ್ತದೆ. ನೇರ ಬಿಸಿಲು ತಾಗಿದರೆ ಮೂಳೆ ಸೀಳು ಬಿಡುತ್ತದೆ, ಸೀಳು ಬಿಟ್ಟ ಮೂಳೆ ಯಾವ ಕೆಲಸಕ್ಕೂ ಬಾರದು. ಮೆಟ್ಟಿಲ ಬುಡದಲ್ಲಿ ಬೀದಿ ನಾಯಿಗಳು ಆಗಲೇ ಬಂದು ಕೂತಿವೆ. ಈ ಬೀದಿಯಲ್ಲಿ ನಾಯಿಗಳಿಂದ ಇಷ್ಟು ಮರ್ಯಾದೆ ಗಳಿಸಿದವರು ಇನ್ನೊಬ್ಬರಿಲ್ಲ.

"ಇವಕ್ಕೆ ಆಸೆ ಹೋಗಲ್ಲ ನೋಡಿ," ಎನ್ನುತ್ತಾಳೆ. "ಕುದಿಸಿ ಕುದಿಸಿ ಸಾರ ಎಲ್ಲಾ ತೆಗೆದಿರ್ತೀನಿ. ಇನ್ನೇನಿದೆ ಇದ್ರಲ್ಲಿ, ಮಣ್ಣು!"

ಗುಂಡಿ ಎಂದರೆ ಇಲ್ಲಿ ರಸ್ತೆಯ ಗುಂಡಿಯಲ್ಲ, ಅಂಗಿಯ ಗುಂಡಿ. ಆಕೆಯ ಅಪ್ಪ ಮೂಳೆಯಿಂದ ಕೋಟಿನ ಗುಂಡಿ ಕೊರೆಯುತ್ತಿದ್ದ. ಪ್ಲಾಸ್ಟಿಕ್ ಗುಂಡಿ ಮೂಟೆಗಟ್ಟಲೆ ಬಂದಿಳಿದ ಮೇಲೆ ಅವನ ಕೈಗೆ ಕೆಲಸ ಇಲ್ಲವಾಯಿತು. ಹೆಸರು ಮಾತ್ರ ದೊಡ್ಡ ಮಗಳಿಗೆ ಉಳಿಯಿತು. ಗರಗಸ, ಅರ, ಉಜ್ಜುಗಾಗದಗಳೂ ಉಳಿದವು. ಪಕ್ಕದ ಬೀದಿಯ ಗಿಟಾರ್ ರಿಪೇರಿಯವನು ಒಂದು ದಿನ ಮುರಿದ ತುಂಡೊಂದನ್ನು ತಂದು, "ಇದೇ ಥರ ಮೂಳೇಲಿ ಮಾಡಿಕೊಡ್ತೀಯಾ?" ಎಂದು ಕೇಳಿದ. ಅಲ್ಲಿಂದ ಆಕೆ ಗಿಟಾರಿನ ಲೋಕಕ್ಕೆ ಹಿಂಬಾಗಿಲಿನಿಂದ ಬಂದಳು. ಇಂದಿಗೂ ಆಕೆಗೆ ಗಿಟಾರ್ ನುಡಿಸಲು ಬಾರದು.

ತಾರಸಿಯ ಮೂಲೆಯಲ್ಲಿ ತಗಡಿನ ಮಾಡು ಇಳಿಬಿಟ್ಟ ಕೋಣೆಯೇ ಕಾರ್ಖಾನೆ. ಒಂದು ಮೇಜು, ಅದರ ಅಂಚಿಗೆ ಕಚ್ಚಿಕೊಂಡ ಇಕ್ಕಳ, ಬಾಯಿ ಮೂಗು ಮುಚ್ಚಲು ಹಳೆಯ ಬಟ್ಟೆ. ಅರ ಆಡಿಸಿದಾಗ ಏಳುವ ವಾಸನೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆಲ್ಲ ಗೊತ್ತು. ಮೂಳೆಯ ಪುಡಿ ಆಕೆಯ ಹುಬ್ಬಿನ ಮೇಲೆ, ಚಹಾ ಲೋಟದ ಅಂಚಿನ ಮೇಲೆ, ಎಲ್ಲೆಲ್ಲೂ ಕೂತಿದೆ. ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ. ದಿನಕ್ಕೆ ಎರಡು ಸ್ಯಾಡಲ್, ಕೈ ಓಡಿದರೆ ಮೂರು. ಅದಕ್ಕಿಂತ ಹೆಚ್ಚು ಮಾಡಿದ ದಿನ ಯಾವುದೋ ಒಂದು ಸೊಟ್ಟಗಾಗುತ್ತದೆ.

ಸ್ಯಾಡಲ್ ಎಂದರೆ ಗಿಟಾರಿನ ಹೊಟ್ಟೆಯ ಮೇಲೆ, ತಂತಿಗಳೆಲ್ಲ ಹತ್ತಿ ಇಳಿಯುವ ತೆಳು ಪಟ್ಟಿ. ಕತ್ತಿನ ತುದಿಯಲ್ಲಿರುವ ಇನ್ನೊಂದು ಪಟ್ಟಿ ನಟ್. ತಂತಿಯ ಬುಡವನ್ನು ತೂತಿನಲ್ಲಿ ಬಿಗಿಯಾಗಿ ಹಿಡಿಯುವ ಗೂಟಗಳು ಬ್ರಿಜ್ ಪಿನ್. ಕೇಳುವವರ ಕಣ್ಣು ಇವುಗಳ ಮೇಲೆ ಬೀಳುವುದೇ ಇಲ್ಲ. ಗುಂಡಿಯಕ್ಕ ಇದನ್ನು ಸಂಸಾರದ ಲೆಕ್ಕದಲ್ಲಿ ವಿವರಿಸುತ್ತಾಳೆ. "ನಟ್ ಅಂದ್ರೆ ಮನೆಗೆ ಬಂದ ನೆಂಟ. ಬೆರಳು ಒತ್ತಿದ ಕೂಡ್ಲೇ ಅವನ ಮಾತು ಮುಗೀತು, ಬಿಟ್ಟ ತಂತೀಲಿ ಮಾತ್ರ ಅವನ ದನಿ. ಸ್ಯಾಡಲ್ ಹಾಗಲ್ಲ, ಅದು ಹಿರಿಸೊಸೆ. ಈ ಮನೇಲಿ ಯಾರು ಏನೇ ಹೇಳಿದ್ರೂ ಅವಳ ಕಿವಿ ದಾಟೇ ಹೋಗ್ಬೇಕು."

ತೋರಿಸಲೆಂದು ಎರಡು ತುಂಡುಗಳನ್ನು ಕಲ್ಲಿನ ನೆಲಕ್ಕೆ ಬೀಳಿಸುತ್ತಾಳೆ. ಮೂಳೆ ಟಣ್ ಎನ್ನುತ್ತದೆ, ಪ್ಲಾಸ್ಟಿಕ್ ತಪ್ ಎನ್ನುತ್ತದೆ. ಮೂಳೆ ಗಟ್ಟಿ. ತಂತಿಯ ನಡುಕವನ್ನು ಕದಿಯದೆ ಮರಕ್ಕೆ ದಾಟಿಸುತ್ತದೆ. ಸದ್ದು ತಿಳಿಯಾಗುತ್ತದೆ, ಮೇಲಿನ ಸ್ವರಗಳು ಹೊಳೆಯುತ್ತವೆ. ಪ್ಲಾಸ್ಟಿಕ್ ದಾರಿಯಲ್ಲೇ ಒಂದಿಷ್ಟನ್ನು ತಿಂದುಬಿಡುತ್ತದೆ. ಹಿತ್ತಾಳೆಯ ಪಿನ್ ಹಾಕಿದರೆ ಸದ್ದು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ, ಚುರುಕಾಗುತ್ತದೆ. ಕರಿಮರದ ಪಿನ್ ಅದನ್ನು ಮೆತ್ತಗೆ ಮಾಡುತ್ತದೆ, ಆದರೆ ಅದು ಕೂದಲೆಳೆಯ ವ್ಯತ್ಯಾಸ. ಇವೆಲ್ಲಕ್ಕಿಂತ ಮುಖ್ಯ, ಪಟ್ಟಿಯ ತಳ ತನಗಾಗಿ ಕೊರೆದ ತೋಡಿನಲ್ಲಿ ಸಂದಿಲ್ಲದಂತೆ ಕೂರಬೇಕು. ಕೆಳಗೆ ಕಾಗದವನ್ನೋ ಚರ್ಮವನ್ನೋ ತುರುಕಿ ಎತ್ತರಿಸುವುದು ಈ ಕಸುಬಿನಲ್ಲಿ ನಾಚಿಕೆಗೇಡು.

"ಮೂಳೆಗಿಂತ ಮಿಗಿಲಿಲ್ಲ ಅಂತ ಎಷ್ಟೋ ವರ್ಷ ಎದೆ ತಟ್ಕೊಂಡು ಹೇಳ್ತಿದ್ದೆ," ಎಂದು ಅರವನ್ನು ಕೆಳಗಿಡುತ್ತಾಳೆ. "ಬಾಯಿಗೆ ಬೀಗ ಹಾಕ್ಕೋಬೇಕಿತ್ತು."

ಈ ಮನೆಯ ಕೆಳಗಿನ ಕೋಣೆಯಲ್ಲಿ ಆಕೆಯ ತಂಗಿ ಇದ್ದಾಳೆ. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಬಟ್ಟೆ ಮಡಿಸುವ ಕೆಲಸ. ಒಂದು ಕಾಲದಲ್ಲಿ ವಾರದ ಕೊನೆಗೆ ರೈಲು ನಿಲ್ದಾಣದ ಎದುರಿನ ಸಣ್ಣ ಹೋಟೆಲಿನಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದಳು. ಅವಳದು ತಗ್ಗಿದ, ಒಂಚೂರು ಒಡೆದ ದನಿ. ಮುಂದಿನ ಮೇಜಿನವರಿಗಷ್ಟೇ ಗುಟ್ಟು ಹೇಳಿದಂತೆ ಹಾಡುತ್ತಿದ್ದಳು, ಹಿಂದಿನ ಮೇಜಿನವರು ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಿದ್ದರು. ಗಿಟಾರ್ ಅಪ್ಪ ಯಾರಿಂದಲೋ ಕೊಂಡು ತಂದಿದ್ದ ಹಳೆಯದು, ಅಗ್ಗದ್ದು. ಅದರ ಸ್ಯಾಡಲ್ ಪ್ಲಾಸ್ಟಿಕ್ಕಿನದು.

ಅಪ್ಪ ತೀರಿಕೊಂಡ ವರ್ಷ ಆ ಪ್ಲಾಸ್ಟಿಕ್ ಗುಂಡಿಯಕ್ಕನ ಕಣ್ಣಿಗೆ ಬಿತ್ತು. ಊರವರ ಗಿಟಾರಿಗೆಲ್ಲ ಮೂಳೆ ಕೆತ್ತುವವಳು, ಒಡಹುಟ್ಟಿದವಳ ಗಿಟಾರಿನಲ್ಲಿ ಪ್ಲಾಸ್ಟಿಕ್! ದೀಪದ ಬುಡದಲ್ಲೇ ಕತ್ತಲು ಎಂದು ಆಕೆಗೆ ಅನ್ನಿಸಿತು. ತಂಗಿ ಕೆಲಸಕ್ಕೆ ಹೋದ ಹೊತ್ತು ನೋಡಿ ಗಿಟಾರನ್ನು ತಾರಸಿಗೆ ತಂದಳು. ತಂತಿ ಸಡಿಲಿಸಿ ಪಟ್ಟಿ ಎತ್ತಿದರೆ ತಳದಲ್ಲಿ ಒಂದು ಚೂರು ಚರ್ಮ. ಯಾರೋ ಅರೆಬರೆ ಕೈಯವರು ತುರುಕಿದ್ದಾರೆ ಎಂದು ನಕ್ಕಳು. ಇದ್ದ ಮೂಳೆಯಲ್ಲಿ ಅತಿ ಒಳ್ಳೆಯದನ್ನು ಆರಿಸಿ, ಹೊಳೆಯುವಂತೆ ಉಜ್ಜಿ, ಕಾಗದದ ಎಳೆಯೂ ತೂರದಂತೆ ಕೂರಿಸಿದಳು. ಮೇಲೆ ಹಿತ್ತಾಳೆಯ ಪಿನ್ನುಗಳು, ಅಕ್ಕರೆಗೆ. ಹಳೆಯ ಪಟ್ಟಿಯನ್ನೂ ಚರ್ಮದ ಚೂರನ್ನೂ ಪುಡಿಯ ಜೊತೆ ಗುಡಿಸಿ ಒಲೆಗೆ ಹಾಕಿದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಿರಾಕಿ ಯಾರೇ ಆಗಲಿ, ಬಿಚ್ಚಿದ ಹಳೆಯ ಸ್ಯಾಡಲನ್ನು ಗುಂಡಿಯಕ್ಕ ಪುಟ್ಟ ಚೀಲದಲ್ಲಿ ಹಾಕಿ ಗಿಟಾರಿನ ಜೊತೆ ಹಿಂದಕ್ಕೆ ಕೊಡುತ್ತಾಳೆ. ಅದು ಅವರ ವಸ್ತು. ತಂಗಿಯ ವಿಷಯದಲ್ಲಿ ಮಾತ್ರ ಆ ಪದ್ಧತಿ ನೆನಪಾಗಲಿಲ್ಲ. ಮನೆಯವಳು ತಾನೇ, ಅವಳಿಗೇನು ಚೀಲ, ಅವಳಿಗೇನು ಲೆಕ್ಕ. ಹೊರಗಿನವರಿಗೆ ತೋರುವ ಜತನವನ್ನು ಒಳಗಿನವರಿಗೆ ತೋರಲು ನಾವೆಲ್ಲರೂ ಮರೆಯುತ್ತೇವೆ, ಮರೆತು ಅದನ್ನು ಸಲಿಗೆ ಎಂದು ಕರೆಯುತ್ತೇವೆ.

ತಂಗಿ ಸಂಜೆ ಬಂದಳು. ಗಿಟಾರನ್ನು ಕೈಗೆ ಕೊಟ್ಟು ಗುಂಡಿಯಕ್ಕ, "ಹೇಗಿದೆ ನೋಡು!" ಎಂದಳು. ತಂಗಿ ಒಮ್ಮೆ ಮೀಟಿದಳು. ಕೋಣೆ ತುಂಬಿತು. ಅವಳು ಅಕ್ಕನ ಮುಖ ನೋಡಿದಳು, ಹಳೆಯದೆಲ್ಲಿ ಎಂದು ಕೇಳಿದಳು. ಅಕ್ಕ ನಗುತ್ತ ಒಲೆಯ ಕಡೆ ಕೈ ತೋರಿಸಿದಳು. "ಚೆನ್ನಾಗಿದೆ ಅಕ್ಕ," ಎಂದಳು ತಂಗಿ.

ಆಮೇಲಿನದು ಒಂದೇ ದಿನದಲ್ಲಿ ನಡೆದದ್ದಲ್ಲ. ಹೋಟೆಲಿನಲ್ಲಿ ಗಿಟಾರ್ ಗಣಗಣ ಎನ್ನುತ್ತಿತ್ತು. ಅದರ ಅಡಿಯಲ್ಲಿ ಹಾಡುವವಳ ದನಿ ಹೂತುಹೋಗುತ್ತಿತ್ತು. ಮೆಲ್ಲಗೆ ಮೀಟಿದರೆ ಹಾಡಿಗೆ ಕಸುವಿಲ್ಲ, ಜೋರಾಗಿ ಹಾಡಿದರೆ ಅವಳ ದನಿ ಅವಳದಾಗಿ ಉಳಿಯುತ್ತಿರಲಿಲ್ಲ. ಮಾಲೀಕ ಒಳ್ಳೆಯ ಮಾತಿನಲ್ಲೇ, "ಬರೀ ಗಿಟಾರ್ ನುಡಿಸಿಬಿಡಮ್ಮ, ಅದೇ ಚೆನ್ನಾಗಿದೆ," ಎಂದ. ತಂಗಿ ಗಂಟಲು ಸರಿಯಿಲ್ಲವೆಂದು ಮನೆಯಲ್ಲಿ ಹೇಳಿದಳು. ಗುಂಡಿಯಕ್ಕ ಹೊತ್ತು ಹೊತ್ತಿಗೆ ಉಪ್ಪುನೀರು ಕಾಯಿಸಿ ಕೊಟ್ಟಳು, ಕತ್ತಿಗೆ ಉಣ್ಣೆ ಬಟ್ಟೆ ಸುತ್ತಿದಳು, ಮಾತಾಡಬೇಡ ಎಂದು ಗದರಿದಳು. ಗಿಟಾರ್ ಕೊನೆಗೆ ಗೋಡೆಯ ಮೊಳೆ ಸೇರಿತು.

"ಒಂದು ಕೈಯಲ್ಲಿ ಕತ್ತು ಹಿಸುಕ್ತಾ ಇನ್ನೊಂದು ಕೈಯಲ್ಲಿ ಔಷಧಿ ಕುಡಿಸ್ತಿದ್ದೆ," ಎನ್ನುತ್ತಾಳೆ ಗುಂಡಿಯಕ್ಕ. ಹೇಳುವಾಗ ಮುಖ ಎತ್ತುವುದಿಲ್ಲ.

ವರ್ಷಗಳು ಕಳೆದ ಮೇಲೆ ಆಕೆಯ ಕಣ್ಣು ತೆರೆಸಿದವನು ಒಬ್ಬ ನಿವೃತ್ತ ಬಸ್ ಚಾಲಕ. ಮೂಳೆ ಹಾಕಿಸಿಕೊಂಡು ಹೋದವನು ಕೆಲವೇ ದಿನದಲ್ಲಿ ಗಿಟಾರ್ ಹೊತ್ತು ಮೆಟ್ಟಿಲು ಹತ್ತಿ ಬಂದ. "ಇದನ್ನ ತೆಗೀರಿ ತಾಯಿ. ಗಿಟಾರೇ ಹಾಡ್ಕೊಳ್ತಿದೆ, ನನ್ನನ್ನ ಯಾರೂ ಕೇಳ್ತಿಲ್ಲ," ಎಂದ. ಗುಂಡಿಯಕ್ಕ ವಾದ ಮಾಡಿದಳು. ಅವನು ಜೇಬಿನಿಂದ ಪುಟ್ಟ ಚೀಲ ತೆಗೆದು ಹಳೆಯ ಪ್ಲಾಸ್ಟಿಕ್ಕನ್ನು ಮೇಜಿನ ಮೇಲಿಟ್ಟ. ಗೊಣಗುತ್ತ ಹಾಕಿಕೊಟ್ಟಳು. ಅವನು ಅಲ್ಲೇ ಕಟ್ಟೆಯ ಮೇಲೆ ಕೂತು ಹಾಡಿದ. ಮುದುಕನ ಒಡಕು ದನಿ ತಂತಿಗಳ ಮೇಲೆ ಎದ್ದು ನಿಂತಿತು. ಗುಂಡಿಯಕ್ಕ ಅವನ ಹಾಡು ಮುಗಿಯುವವರೆಗೂ ಕಾಯಲಿಲ್ಲ. ಗಿರಾಕಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದು ಹೋದಳು.

ತಂಗಿ ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದಳು. ದಿನವಿಡೀ ಆಸ್ಪತ್ರೆಯಲ್ಲಿ ಅದೇ, ಮನೆಯಲ್ಲೂ ಅದೇ.

"ಅವತ್ತು ನಿನ್ನ ಗಂಟಲು ಕೆಟ್ಟಿತ್ತಾ?"

"ಈಗ್ಯಾಕೆ ಆ ಮಾತು?"

"ಕೆಟ್ಟಿತ್ತೋ ಇಲ್ವೋ ಹೇಳು."

"ಇಲ್ಲ. ಗಿಟಾರ್ ದನಿ ಮೇಲೆ ಹೋಯ್ತು, ನಾನು ಕೆಳಗೆ ಉಳ್ಕೊಂಡೆ."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ನೀನು ಕೇಳಿದ್ಯಾ?" ತಂಗಿಯ ದನಿ ಏರಲಿಲ್ಲ. "'ಹೇಗಿದೆ ನೋಡು' ಅಂದೆ. 'ಹೇಗಿದೆ' ಅಂತ ಕೇಳ್ಲಿಲ್ಲ."

ಒಂದು 'ನೋಡು' ಸೇರಿದರೆ ಪ್ರಶ್ನೆ ಹೋಗಿ ಜಂಭ ಬರುತ್ತದೆ. ಅದಕ್ಕೆ ಚೆನ್ನಾಗಿದೆ ಎನ್ನದೆ ಬೇರೆ ಉತ್ತರವಿಲ್ಲ. ಅಷ್ಟು ಸಂತೋಷದಿಂದ ನಿಂತ ಅಕ್ಕನಿಗೆ ಬೇರೆ ಉತ್ತರ ಕೊಡುವ ಕಲ್ಲುಮನಸ್ಸು ಆ ತಂಗಿಗೆ ಇರಲಿಲ್ಲ.

ಅದೇ ದಿನ ಇನ್ನೊಂದು ಮಾತೂ ಹೊರಗೆ ಬಂತು. ಆ ಚರ್ಮದ ಚೂರು ಅರೆಬರೆ ಕೈಯವರದಾಗಿರಲಿಲ್ಲ. ಗಿಟಾರ್ ತಂದ ಹೊಸತರಲ್ಲಿ ತಂತಿಗಳು ಮರಕ್ಕೆ ತಾಗಿ ಕಿರಿಗುಡುತ್ತಿದ್ದವು. ಅಪ್ಪ ತನ್ನ ಸೊಂಟದ ಬೆಲ್ಟಿನ ತುದಿ ಕತ್ತರಿಸಿ, ತೆಳ್ಳಗೆ ಕೆತ್ತಿ, ಪಟ್ಟಿಯ ಕೆಳಗೆ ಇಟ್ಟಿದ್ದ. ನಿಯಮ ಗೊತ್ತಿಲ್ಲದ ಗುಂಡಿ ಕೆಲಸದವನು. ಆ ಮೆತ್ತನೆಯ ಚರ್ಮ ತಂತಿಯ ಹರಿತವನ್ನು ನುಂಗಿ ಚಿಕ್ಕ ಮಗಳ ದನಿಗೆ ಜಾಗ ಮಾಡಿಕೊಟ್ಟಿತ್ತು. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ, ಈಗ ಕೇಳಲು ಅವನಿಲ್ಲ.

"ಅಪ್ಪನ ಕೆಲಸ ನೋಡಿ ನಕ್ಕುಬಿಟ್ಟೆ," ಎನ್ನುತ್ತಾಳೆ ಗುಂಡಿಯಕ್ಕ. "ಅವನ ಕೈ ಹಿಡ್ಕೊಂಡೇ ಅರ ಆಡಿಸೋದು ಕಲ್ತೋಳು ನಾನು. ಕಸುಬು ಕಲ್ತೆ, ಅವನ ಕೈ ಗುರುತು ಹಿಡಿಯೋದು ಕಲೀಲಿಲ್ಲ."

ಆ ದಿನದಿಂದ ಆಕೆಯ ಬಿಡುವಿನ ಹೊತ್ತೆಲ್ಲ ಒಂದೇ ಕೆಲಸಕ್ಕೆ. ಹಳೆಯ ಪ್ಲಾಸ್ಟಿಕ್ಕಿಗೆ ಸರಿಸಾಟಿ ಹುಡುಕಬೇಕು, ಆ ಚರ್ಮಕ್ಕೆ ಸರಿಸಾಟಿ ಹುಡುಕಬೇಕು. ಬಾಚಣಿಗೆ, ಪೆನ್ನಿನ ಕೊಳವೆ, ಕೆಟ್ಟ ಗಿಟಾರುಗಳ ಪಟ್ಟಿಗಳು, ಎಲ್ಲವನ್ನೂ ಕೆತ್ತಿ ನೋಡಿದ್ದಾಳೆ. ಚಪ್ಪಲಿ, ಕೈಚೀಲ, ಗಡಿಯಾರದ ಪಟ್ಟಿ, ಕಣ್ಣಿಗೆ ಕಂಡ ಚರ್ಮವನ್ನೆಲ್ಲ ಕತ್ತರಿಸಿದ್ದಾಳೆ. ಹಿತ್ತಾಳೆಯ ಪಿನ್ನುಗಳು ಮೊದಲ ದಿನವೇ ಹೊರಬಿದ್ದು ಮರದವು ಬಂದಿವೆ. ಆದರೆ ಹಳೆಯ ಪಟ್ಟಿಯಲ್ಲಿ ತಂತಿಗಳು ವರ್ಷಾನುಗಟ್ಟಲೆ ಕೊರೆದು ಮಾಡಿದ ಗೆರೆಗಳಿದ್ದವು. ಚರ್ಮ ಅಪ್ಪನ ಬೆವರು ಕುಡಿದು, ತಂತಿಗಳ ಭಾರಕ್ಕೆ ಒತ್ತಿ ಒತ್ತಿ ಹದವಾಗಿತ್ತು. ಅಂಥದ್ದನ್ನು ಕೆತ್ತಲಾಗುವುದಿಲ್ಲ.

ರಿಪೇರಿಯವನು ಗೇಲಿ ಮಾಡುತ್ತಾನೆ. "ಊರಿಗೆಲ್ಲಾ ಮೂಳೆ ಮಾರಿ, ಮನೇಲಿ ಪ್ಲಾಸ್ಟಿಕ್ ಕೆತ್ತೋಳು ಇವಳೊಬ್ಳೇ." ಗುಂಡಿಯಕ್ಕ ಬಿಡುವುದಿಲ್ಲ. "ನಿನ್ನ ಹೆಂಡ್ತಿ ನಿನ್ನನ್ನ ಇಟ್ಕೊಂಡಿಲ್ವಾ? ಚೆನ್ನಾಗಿರೋದು ಬೇರೆ, ಹೊಂದೋದು ಬೇರೆ ಕಣಯ್ಯ."

ಈ ಸಂಜೆಯೂ ಒಂದು ಪಟ್ಟಿ ಸಿದ್ಧವಾಗಿದೆ. ಕೆಳಗೆ ಹಳೆಯ ಪೆಟ್ಟಿಗೆಯ ಹಿಡಿಕೆಯಿಂದ ಕತ್ತರಿಸಿದ ಚರ್ಮದ ಚೂರು. ತಂಗಿ ಮಂಚದ ತುದಿಯಲ್ಲಿ ಕೂತು ಶ್ರುತಿ ಮಾಡಿಕೊಳ್ಳುತ್ತಾಳೆ. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಾಳೆ. ನಾಲಿಗೆಯ ತುದಿಗೆ ಬಂದ 'ನೋಡು' ಎಂಬುದನ್ನು ನುಂಗಿಕೊಳ್ಳುವುದು ಕಾಣಿಸುತ್ತದೆ.

"ಹೇಗಿದೆ?"

ತಂಗಿ ಮೆಲ್ಲಗೆ ಮೀಟುತ್ತಾಳೆ. ತಗ್ಗು ಸ್ವರದ ತಂತಿಗಳು ಗುನುಗುತ್ತವೆ, ಮೇಲಿನ ಸ್ವರದವು ಬಾಯಿ ಮುಚ್ಚಿಕೊಂಡಿವೆ. ಅವಳು ಕಣ್ಣು ಮುಚ್ಚಿ, ಉಸಿರು ತೆಗೆದುಕೊಂಡು, ಬಾಯಿ ತೆರೆಯುತ್ತಾಳೆ. ಒಂದು ಕ್ಷಣ ಹಾಗೇ ಇದ್ದು, ಉಸಿರು ಬಿಟ್ಟು, ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸುತ್ತಾಳೆ.

"ಇಲ್ಲ ಅಕ್ಕ. ಇದಲ್ಲ."

ಗುಂಡಿಯಕ್ಕ ತಂತಿ ಸಡಿಲಿಸಿ, ಪಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾಳೆ. ಬೇಸರವಾಯಿತೇ ಎಂದು ಕೇಳಿದರೆ ನಡುಮೆಟ್ಟಿಲಲ್ಲಿ ನಿಲ್ಲುತ್ತಾಳೆ.

"ಆಗದೆ ಇರುತ್ತಾ? ಅವಳು ಹಾಡ್ಬೇಕಾದ ವಯಸ್ಸೆಲ್ಲಾ ನನ್ನ ಒಲೇಲಿ ಉರಿದುಹೋಯ್ತು. ಅದನ್ನಂತೂ ಕೆತ್ತಿಕೊಡೋಕಾಗಲ್ಲ." ಕಣ್ಣೊರೆಸಿಕೊಂಡ ಕೈಯಿಂದ ಕೆನ್ನೆಗೆ ಬಿಳಿ ಪುಡಿ ಹತ್ತುತ್ತದೆ. "ಆದ್ರೆ ಇಷ್ಟು ದಿನ ತಲೆ ಅಲ್ಲಾಡಿಸಿ ಸುಮ್ನಾಗ್ತಿದ್ಳು. ಇವತ್ತು ಬಾಯಿ ತೆರೆದ್ಳು. ನೀವೂ ನೋಡಿದ್ರಲ್ಲ, ತೆರೆದ್ಳು ತಾನೇ?"