ಕ್ಲಾರಾಳ ಸೊಟ್ಟ ಗೆರೆ

ಬರ್ಲಿನ್ನಿಗೆ ಬಂದ ಮೊದಲ ಭಾನುವಾರ, ಅವ್ವ ಕಟ್ಟಿಕೊಟ್ಟಿದ್ದ ಕ್ಯಾಲೆಂಡರ್ ತೂಗುಹಾಕಲು ಗೋಡೆಗೆ ಮೊಳೆ ಹೊಡೆಯತೊಡಗಿದೆ. ಮೂರನೆಯ ಏಟಿಗೆ ಯಾರೋ ಬಾಗಿಲು ಬಡಿದರು. ಕೆಳಗಿನ ಮನೆಯ ಮುದುಕರು ನಿಂತಿದ್ದರು, ಕೈಯಲ್ಲಿ ಕಟ್ಟಡದ ನಿಯಮಗಳು ಅಚ್ಚಾದ ಒಂದು ಕಾಗದ. ಬೈಯಲಿಲ್ಲ. ಕಾಗದದ ಮೇಲೆ ಬೆರಳಿಟ್ಟು "ರೂಹೆ" ಎಂದು ಹೇಳಿ ಇಳಿದುಹೋದರು. ರೂಹೆ ಅಂದರೆ ಸದ್ದಿಲ್ಲದಿರುವುದು. ಭಾನುವಾರ ಇಲ್ಲಿ ಮೊಳೆ ಹೊಡೆಯುವಂತಿಲ್ಲವಂತೆ. ಮಸ್ಕಿಯ ನಮ್ಮ ಮನೆಯಲ್ಲಿ ಮೊಳೆ ಹೊಡೆಯುವ ಸದ್ದಾದರೆ ಪಕ್ಕದ ಮನೆಯವರು ಒಳಗೇ ಬಂದು, "ಅಲ್ಲಲ್ಲ, ಇನ್ನೊಂದೀಟು ಮ್ಯಾಲ ಹೊಡಿ" ಎಂದು ಸುತ್ತಿಗೆ ಕಸಿದುಕೊಳ್ಳುತ್ತಾರೆ. ಇಲ್ಲಿ ನನ್ನ ಕ್ಯಾಲೆಂಡರು ಸೋಮವಾರದವರೆಗೆ ಹಾಸಿಗೆಯ ಮೇಲೆ ಮಲಗಿತ್ತು.

ಇಲ್ಲಿನ ಒಂದು ಕಲಾಶಾಲೆಯಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ಊರಿನವರು ಕೇಳುವುದು ಒಂದೇ ಪ್ರಶ್ನೆ: "ಬಣ್ಣ ಹಚ್ಚೋದು ಕಲಿಯಾಕ ಅಷ್ಟು ದೂರ ಯಾಕವ್ವಾ? ನಿಮ್ಮಪ್ಪ ಕಲಿಸಂಗಿಲ್ಲೇನು?" ಪ್ರಶ್ನೆ ತಪ್ಪಲ್ಲ. ನಮ್ಮಪ್ಪ ಬೋರ್ಡು ಬರೆಯುವವನು. ಸಿಂಧನೂರಿಗೂ ಲಿಂಗಸುಗೂರಿಗೂ ಹೋಗುವ ಬಸ್ಸುಗಳು ನಮ್ಮ ಅಂಗಡಿಯ ಮುಂದೆಯೇ ಹಾಯುತ್ತವೆ. ಫ್ಲೆಕ್ಸ್ ಬಂದು ಈ ಕಸುಬನ್ನು ಅರ್ಧ ನುಂಗಿದರೂ, ಟ್ರ್ಯಾಕ್ಟರ್ ಟ್ರೇಲರುಗಳು, ಶಾಲೆಯ ಗೋಡೆಗಳು, ಸಿಂಧನೂರಿನ ರೈಸ್ ಮಿಲ್ಲುಗಳು ಇನ್ನೂ ಅಪ್ಪನನ್ನು ಬಿಟ್ಟಿಲ್ಲ.

ಆ ಅಂಗಡಿಯಲ್ಲಿ ಒಂದು ಬೋರ್ಡಿಗೆ ಮೂವರ ಕೈ ಬೀಳುತ್ತಿತ್ತು. ಅಪ್ಪ ಅಕ್ಷರದ ಅಂಚು ಬರೆಯುತ್ತಿದ್ದ, ಅವನ ಜೊತೆ ಮೊದಲಿನಿಂದಲೂ ದುಡಿಯುತ್ತಿರುವ ಖಾಜಾ ಕಾಕಾ ಬಣ್ಣ ತುಂಬುತ್ತಿದ್ದ, ನಾನು ಅಕ್ಷರದ ಪಕ್ಕ ನೆರಳು ಬರೆಯುತ್ತಿದ್ದೆ. ಯಾರದೇ ಗೆರೆ ಸೊಟ್ಟಗಾಗಲಿ, ಹಾದುಹೋಗುವವರು ಕೈಯಲ್ಲಿದ್ದ ಬ್ರಷ್ಷಿನಿಂದ ನೆಟ್ಟಗೆ ಮಾಡಿ ಮುಂದೆ ಹೋಗಬೇಕು. ಕೇಳುವುದಿಲ್ಲ, ಹೇಳುವುದಿಲ್ಲ. ತಲೆಯ ಮೇಲಿನ ಸೆರಗು ಜಾರಿದರೆ ಪಕ್ಕದವರು ಸರಿಮಾಡುವುದಿಲ್ಲವೇ, ಹಾಗೆ. ಕೊನೆಗೆ ಬೋರ್ಡಿನ ಮೂಲೆಯಲ್ಲಿ ಅಂಗಡಿಯ ಹೆಸರು ಬೀಳುತ್ತಿತ್ತೇ ಹೊರತು ನಮ್ಮ ಯಾರ ಹೆಸರೂ ಅಲ್ಲ.

ಬರ್ಲಿನ್ನಿನ ಮೊದಲ ಆರು ತಿಂಗಳು ಮೂಕಿಯ ಹಾಗೆ ಬದುಕಿದೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರೆ. ನನ್ನ ಬಾಯಿ ಜರ್ಮನ್ ಭಾಷೆಯ ಮುಂದೆ ಬಿಚ್ಚಲೇ ಇಲ್ಲ. ಇಲ್ಲಿಯ ಬ್ರೋಟ್, ಅಂದರೆ ಕಪ್ಪು ಬ್ರೆಡ್ಡು, ನಮ್ಮ ಕಡಕ್ ರೊಟ್ಟಿಯಷ್ಟೇ ಹಲ್ಲಿಗೆ ಕೆಲಸ ಕೊಡುತ್ತದೆ, ಆದರೆ ಹುಳಿ. ಅದಕ್ಕೆ ಶೇಂಗಾ ಚಟ್ನಿ ಹಚ್ಚಿ ತಿನ್ನುತ್ತಿದ್ದೆ. ಅದನ್ನು ಕೇಳಿ ತಿಂದ ಒಬ್ಬಳೇ ಒಬ್ಬಳು ಕ್ಲಾರಾ, ನನ್ನ ತರಗತಿಯವಳು. ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ಚಮಚ ಕೇಳಿದಳು. ಅಂದಿನಿಂದ ಅವಳು ನನ್ನವಳೆಂದುಕೊಂಡೆ. ನಮ್ಮವರೆಂದುಕೊಂಡ ಮೇಲೆ ನಾವು ಅವರ ಕೆಲಸಕ್ಕೆ ಕೈಹಾಕದೆ ಇರುತ್ತೇವೆಯೇ?

ಜುಲೈನಲ್ಲಿ ರುಂಡ್‌ಗಾಂಗ್ ಬಂತು. ಶಾಲೆಯ ಎಲ್ಲ ಕೋಣೆಗಳನ್ನೂ ಮೂರು ದಿನ ಊರಿಗೆಲ್ಲ ತೆರೆದಿಟ್ಟು, ವಿದ್ಯಾರ್ಥಿಗಳ ಕೆಲಸ ತೋರಿಸುವುದಕ್ಕೆ ಆ ಹೆಸರು. ಹಿಂದಿನ ದಿನ ಮಧ್ಯಾಹ್ನ ಕ್ಲಾರಾ ಊಟಕ್ಕೆ ಹೋಗಿದ್ದಳು. ಅವಳ ಚಿತ್ರ ಗೋಡೆಗೆ ಒರಗಿ ನಿಂತಿತ್ತು: ಬೂದು ಬಣ್ಣದ ಮೇಲೆ ಕಪ್ಪು ಗೆರೆಗಳು. ಕೆಳಗಿನ ಗೆರೆಯೊಂದು ಸೋರಿ ಸೊಟ್ಟಗಾಗಿತ್ತು. ಪಾಪ, ನೋಡಿಲ್ಲ ಅಂದುಕೊಂಡೆ. ಅವಳದೇ ಡಬ್ಬಿಯ ಬೂದು ಬಣ್ಣದಿಂದ ಸೋರಿದ್ದನ್ನು ಮುಚ್ಚಿ, ಒಂದೇ ಉಸಿರಿನಲ್ಲಿ ಗೆರೆ ನೆಟ್ಟಗೆ ಎಳೆದೆ. ಅಪ್ಪನೇ ಮೆಚ್ಚುವಂಥ ಗೆರೆ. ಕೈತೊಳೆದು ಚಹಾ ಕುಡಿಯಲು ಹೋದೆ.

ಮರಳಿದಾಗ ಎಲ್ಲರೂ ಕ್ಲಾರಾಳ ಚಿತ್ರದ ಮುಂದೆ ನಿಂತಿದ್ದರು.

"ಯಾರು ಮಾಡಿದ್ದು?" ಎಂದು ಕ್ಲಾರಾ ಕೇಳಿದಳು.

ನಾನು ನಗುತ್ತಾ ಕೈ ಎತ್ತಿದೆ. "ನಾನೇ! ಈಗ ನೆಟ್ಟಗಾಯಿತು ನೋಡು."

ಅವಳು ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಜಗಳ ನಮಗೆ ಹೊಸದಲ್ಲ. ಅವಳು ಚಿತ್ರವನ್ನು ತಿರುಗಿಸಿ, ಮುಖ ಗೋಡೆಗೆ ಮಾಡಿ, ಹಾಗೆಯೇ ನೇತುಹಾಕಿದಳು. ನಮ್ಮ ಪ್ರೊಫೆಸರಮ್ಮ ಬಂದು ವಿಷಯ ಕೇಳಿ, "ನೀನು ಈ ತರಗತಿಯಲ್ಲಿ ಇರಬಹುದೋ ಇಲ್ಲವೋ ಸೋಮವಾರ ಮಾತಾಡೋಣ" ಎಂದರು. ತರಗತಿ ಬಿಟ್ಟರೆ ಶಾಲೆಯಿಲ್ಲ, ಶಾಲೆಯಿಲ್ಲದಿದ್ದರೆ ವೀಸಾ ಇಲ್ಲ.

ಆ ಮೂರು ದಿನ ಜನ ಬಂದರು, ನೋಡಿದರು. ಚಿತ್ರದ ಬೆನ್ನನ್ನೂ ಕಲೆಯೆಂದೇ ತಿಳಿದು ಕೆಲವರು ಫೋಟೊ ತೆಗೆದರು. ನನಗೆ ನಗು ಕೂಡ ಬರಲಿಲ್ಲ. ಕ್ಲಾರಾ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಅಪ್ಪನಿಗೆ ಫೋನು ಮಾಡಿ ಅತ್ತೆ.

"ಸೊಟ್ಟ ಗೆರಿ ನೋಡ್ಕೋತ ಸುಮ್ಮ ಕುಂದರಬೇಕಿತ್ತೇನು?" ಎಂದ ಅಪ್ಪ. "ನೀ ಏನು ಕಳವು ಮಾಡೀಯೇನು? ಎಂಥಾ ಮಂದಿ ಅದಾರ ಅಲ್ಲಿ!"

ಆಗ ಅಪ್ಪನ ಮಾತೇ ಸರಿಯೆನಿಸಿತ್ತು.

ಸೋಮವಾರ ಪ್ರೊಫೆಸರಮ್ಮನ ಕೋಣೆಯಲ್ಲಿ ಕ್ಲಾರಾ ಎದುರಿಗೆ ಕೂತಿದ್ದಳು. ಬಾಯಿಪಾಠ ಮಾಡಿದ್ದ ಕ್ಷಮೆಯ ಮಾತು ಅರ್ಧಕ್ಕೇ ನಿಂತಿತು. ಹರಕುಮುರುಕು ಜರ್ಮನ್‌ನಲ್ಲಿ ಅಂಗಡಿಯ ಕತೆ ಹೇಳಿದೆ, ಮೂವರ ಕೈಯ ಕತೆ. ಕ್ಲಾರಾ ಕೊನೆಯವರೆಗೂ ಕೇಳಿದಳು.

"ಆ ಬಣ್ಣ ಹಾಗೆ ಸೋರಲಿ ಎಂದು ಮೂರು ವಾರ ಕಾದಿದ್ದೆ" ಎಂದಳು. ಆಮೇಲೆ ಕೇಳಿದಳು, "ಎಲ್ಲರೂ ಎಲ್ಲವನ್ನೂ ತಿದ್ದಿದರೆ, ನಿನ್ನ ಗೆರೆ ಯಾವುದೆಂದು ನಿನಗೆ ಹೇಗೆ ಗೊತ್ತಾಗುತ್ತದೆ?"

ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ನೋಡಿದೆ. ಅಲ್ಲಿಯೂ ಅದು ಪ್ರಶ್ನೆಯಾಗಿಯೇ ಉಳಿಯಿತು.

ಪ್ರೊಫೆಸರಮ್ಮ ಕ್ಲಾರಾಳ ಮುಖ ನೋಡಿದರು. ಅವಳು, "ಇರಲಿ" ಎಂದಳು. ನಾನು ಉಳಿದೆ. ಶರತ್ತು ಒಂದೇ: ಮುಂದಿನ ವರ್ಷವಿಡೀ ನಾನು ಒಬ್ಬಳೇ ಚಿತ್ರ ಬರೆಯಬೇಕು, ಯಾರ ಕೈಯೂ ಸೋಕದಂತೆ.

ರಜೆಗೆ ಮಸ್ಕಿಗೆ ಹೋದೆ. ಕಾಲುವೆ ನೀರು ಬಿಟ್ಟು ಭತ್ತದ ನಾಟಿ ನಡೆದಿತ್ತು. ಅಂಗಡಿಯಲ್ಲಿ ಸಿಂಧನೂರಿನ ರೈಸ್ ಮಿಲ್ಲಿನ ದೊಡ್ಡ ಬೋರ್ಡು. ಅಪ್ಪ ಹೆಮ್ಮೆಯಿಂದ ಅಂಚು ಬರೆಯುವ ಕೆಲಸವನ್ನೇ ನನಗೆ ಕೊಟ್ಟ. ಕೊನೆಯ ಅಕ್ಷರದ ಬಾಲವನ್ನು ತುಸು ಬಾಗಿಸಿ ಉದ್ದಕ್ಕೆ ಎಳೆದೆ. ಬೇಕೆಂದೇ ಎಳೆದೆ. ನೋಡುತ್ತಾ ನಿಂತಿದ್ದಾಗ ಅಪ್ಪ ಹಿಂದಿನಿಂದ ಹಾದುಹೋಗುತ್ತಾ, ಎಂದಿನಂತೆ, ಬ್ರಷ್ಷು ಚಾಚಿದ.

"ಮುಟ್ಟಬ್ಯಾಡಪ್ಪಾ!"

ಆ ಧ್ವನಿಗೆ ನಾನೇ ಬೆಚ್ಚಿದೆ. ಏಣಿಯ ಮೇಲಿದ್ದ ಖಾಜಾ ಕಾಕಾ, "ಏನಾತು ಬೇಟಿ?" ಎನ್ನುತ್ತಾ ಇಳಿದು ಬಂದ. ಅಪ್ಪನ ಬ್ರಷ್ಷು ಗಾಳಿಯಲ್ಲೇ ನಿಂತಿತ್ತು. ಹತ್ತು ವರ್ಷದವಳಿದ್ದಾಗ ನನ್ನ ಬೆರಳು ಹಿಡಿದು ಬ್ರಷ್ಷಿನಲ್ಲಿ ಮೊದಲ 'ಅ' ಬರೆಸಿದ ಕೈ ಅದು.

"ಸೊಟ್ಟ ಆಗೇತವ್ವ" ಎಂದ, ಮೆಲ್ಲಗೆ.

"ಗೊತ್ತೈತಪ್ಪ. ನಾನೇ ಮಾಡೀನಿ."

ಅಪ್ಪ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಒರೆಸಿದ. ಆಮೇಲೆ ಹೇಳಿದ, "ಹಂಗಾರ ಮೂಲ್ಯಾಗ ಅಂಗಡಿ ಹೆಸರು ಬ್ಯಾಡ. ನಿನ್ನ ಹೆಸರ ಬರಕೋ."

ಸಿಟ್ಟಿನಿಂದ ಅಂದನೋ ಪ್ರೀತಿಯಿಂದ ಅಂದನೋ ನನಗೆ ಇಂದಿಗೂ ತಿಳಿದಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ನನ್ನ ಹೆಸರು ಬರೆಯಲು ಹೋದರೆ ಅಂಗಡಿಯಿಂದ ಹೊರಬಿದ್ದಂತೆ. ಅಂಗಡಿಯ ಹೆಸರು ಬರೆದರೆ ಕ್ಲಾರಾಳ ಪ್ರಶ್ನೆಗೆ ಸೋತಂತೆ. ಬ್ರಷ್ಷು ಹಿಡಿದು ನಿಂತೇ ಇದ್ದೆ. ಮಿಲ್ಲಿನವರು ಗಾಡಿ ತಂದರು, ಬೋರ್ಡು ಏರಿಸಿಕೊಂಡು ಹೋದರು.

ಈಗ ನಾನು ಮತ್ತೆ ಬರ್ಲಿನ್ನಿನಲ್ಲಿದ್ದೇನೆ. ಆ ಬೋರ್ಡು ಸಿಂಧನೂರಿನಲ್ಲಿದೆ. ನಮ್ಮ ಅಂಗಡಿಯಿಂದ ಮೂಲೆ ಖಾಲಿಯಿಟ್ಟು ಹೊರಟ ಬೋರ್ಡು ಅದೊಂದೇ.