ಆಮೇಲಜ್ಜಿಗೆ ಒಪ್ಪಿಸಿದ ಪಾಠ

‘ಮಗಳು ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಮೇಡಮ್ಮು, ಅವಳ ಹತ್ರ ಕಲಿಯೋಕೆ ಬರೋ ಹುಡುಗರು ಪಾಠ ಒಪ್ಪಿಸೋದು ಮಾತ್ರ ಎಬಿಸಿಡಿ ಬಾರದ ಅಮ್ಮನಿಗೆ’ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಸುಳ್ಳೇನಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಮುದುಕಿ ಆಕೆ. ಯಾರು ಏನೇ ಹೇಳಲಿ, ‘ಆಮೇಲೆ?’ ಎನ್ನುವ ಚಾಳಿಯಿಂದ ಆಕೆಗೆ ಆಮೇಲಜ್ಜಿ ಎಂದೇ ಹೆಸರು ಬಿದ್ದಿತ್ತು.

ಮಗಳ ಕಟ್ಟಳೆ ಒಂದೇ: ಪುಟ ಓದು, ಪುಸ್ತಕ ಮುಚ್ಚು, ಅಡುಗೆಮನೆಗೆ ಹೋಗಿ ಓದಿದ್ದನ್ನು ಅಜ್ಜಿಗೆ ನಮ್ಮ ಮಾತಿನಲ್ಲಿ ಹೇಳು. ಅಜ್ಜಿಗೆ ತಿಳಿಯದಿದ್ದರೆ ನಿನಗೂ ತಿಳಿದಿಲ್ಲ.

ಬೇಕರಿಯವನ ಮಗಳು ಬಂದದ್ದು ಇಂಗ್ಲಿಷ್ ಓದಿನ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ. ಮೂರನೆಯ ಸಲವೂ ಹೋದರೆ ಓದು ಬಿಟ್ಟು ಅಪ್ಪನ ಅಂಗಡಿಯಲ್ಲಿ ಬ್ರೆಡ್ ಕೊಯ್ಯುತ್ತ ಕೂರಬೇಕು. ಅವಳ ಪುಸ್ತಕದಲ್ಲಿ ಪ್ರತಿ ಪದದ ನೆತ್ತಿಯ ಮೇಲೂ ಪೆನ್ಸಿಲಿನಲ್ಲಿ ಅರ್ಥ. ಪುಟವೆಲ್ಲ ಇರುವೆ ಮುತ್ತಿದ ಸಕ್ಕರೆ ಡಬ್ಬಿ.

“ಒಂದು ಸೇತುವೆ ಇತ್ತಜ್ಜಿ. ಅದನ್ನ ಮುಚ್ಚಿದ್ರು.”

“ಆಮೇಲೆ?”

“ಜನ ದೋಣೀಲಿ ಹೋದ್ರು.”

“ಮುಚ್ಚಿದ್ಯಾಕೆ?”

“ಮುರಿದಿರ್ಬೇಕು.”

“ಇರ್ಬೇಕು ಅಂದ್ರೆ? ಓದಿದೋಳು ನೀನೋ ನಾನೋ?”

ಹುಡುಗಿಯ ಮುಖ ಸಪ್ಪಗಾಯಿತು. “ಎಲ್ಲ ಪದಕ್ಕೂ ಅರ್ಥ ಬರೆದಿದೀನಜ್ಜಿ.”

“ತೋಳು, ಕಾಲರು, ಗುಂಡಿ ಬಿಡಿಬಿಡಿಯಾಗಿ ಕೊಟ್ರೆ ಅಂಗಿ ಅಂತ ತೊಟ್ಕೋತೀಯಾ? ಹೋಗು, ಪೆನ್ಸಿಲ್ ಇಲ್ಲೇ ಇಡು.”

ಹೋದಳು. ಪುಟವನ್ನು ಮೊದಲಿಂದ ಕೊನೆಯವರೆಗೆ ಮೂರು ಸಲ ಓದಿ ಓಡಿಬಂದಳು. ಸೇತುವೆ ಮುರಿದೇ ಇರಲಿಲ್ಲ. ಅದರಡಿ ಹಕ್ಕಿಗಳು ಮೊಟ್ಟೆ ಇಟ್ಟಿದ್ದವು. ಮರಿ ಹಾರುವ ತನಕ ಸೇತುವೆಯ ಮೇಲೆ ಯಾರನ್ನೂ ಬಿಡಲಿಲ್ಲ. ಅಜ್ಜಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿ, “ಹೌದಾ? ಎಷ್ಟು ಮರಿ?” ಎಂದಳು.

“ಅದನ್ನ ಬರೆದಿಲ್ಲಜ್ಜಿ.” ಹಾಗೆ ಗಟ್ಟಿಯಾಗಿ ಹೇಳುವಷ್ಟು ಹುಡುಗಿ ಈಗ ಓದಿದ್ದಳು.

ಆರು ತಿಂಗಳು ಹೀಗೇ ನಡೆಯಿತು. ಪರೀಕ್ಷೆ ಬರೆದವಳು ಫಲಿತಾಂಶಕ್ಕೆ ಹೆದರಿ ಈ ಕಡೆ ತಲೆ ಹಾಕಲಿಲ್ಲ. ಅದು ಬಂದ ದಿನವೇ ಅಜ್ಜಿ, ಮೇಡಮ್ಮು ಇಬ್ಬರೂ ತಮ್ಮ ಬಾಡಿಗೆ ಮನೆ ಬಿಟ್ಟು ಯೂನಿವರ್ಸಿಟಿ ಹತ್ತಿರದ ಮನೆಗೆ ಹೊರಟಿದ್ದರು. ಸಾಮಾನು ಹೇರಿದ ವ್ಯಾನು ಬಾಗಿಲಲ್ಲಿ ಗುರುಗುಡುತ್ತಿತ್ತು. ಹುಡುಗಿ ಏದುಸಿರು ಬಿಡುತ್ತ ಬಂದಳು.

“ಪಾಸಾದೆ ಅಜ್ಜಿ.”

“ಮುಖ ನೋಡಿದ್ರೇ ಗೊತ್ತಾಗುತ್ತೆ. ಪರೀಕ್ಷೇಲಿ ಏನು ಕೊಟ್ಟಿದ್ರು, ಅದನ್ನ ಹೇಳು.”

ಕಡಲತೀರದಲ್ಲಿ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ ಕಾಯುವವನೊಬ್ಬನಿಗೆ ಕಣ್ಣು ಮಂಜಾಗುತ್ತ ಬಂದ ಕಥೆ. ಹುಡುಗಿ ಹೊಸ್ತಿಲಲ್ಲೇ ಶುರುಮಾಡಿದಳು. ಡ್ರೈವರ್ ಹಾರ್ನ್ ಹೊಡೆದ. ಯಾರೂ ಕದಲಲಿಲ್ಲ. ಇನ್ನೊಮ್ಮೆ ಹೊಡೆದ. ಕೊನೆಗೆ ಅವನೇ ಇಂಜಿನ್ ಆರಿಸಿ, ಕಿಟಕಿಯಿಂದ ತಲೆ ಹೊರಹಾಕಿ, “ಆಮೇಲೇನಾಯ್ತಮ್ಮ?” ಎಂದ.

ಅಜ್ಜಿ ನಗುತ್ತ ಹೊಸ್ತಿಲು ದಾಟಿದಳು. “ನೀನೂ ಹತ್ತು ಹುಡುಗಿ, ದಾರೀಲಿ ಹೇಳುವಿಯಂತೆ” ಎಂದು ಹುಡುಗಿಯ ಕೈ ಹಿಡಿದು ವ್ಯಾನು ಹತ್ತಿದಳು.