ನಲವತ್ತು ಹೆಜ್ಜೆ ರಸ್ತೆ

ಧಪ್, ಧಪ್. ದಪ್ಪ ಬಟ್ಟೆಯ ಸುರುಳಿಯನ್ನು ಬರಿಗಾಲಿನಿಂದ ಒದ್ದು ಉರುಳಿಸುವ ಸದ್ದು. ತೆಲಂಗಾಣ ರಾಜ್ಯ ಬಂದ ಹೊಸದರಲ್ಲಿ ಊರೆಲ್ಲ ಲೌಡ್‌ಸ್ಪೀಕರುಗಳ ಗದ್ದಲವಿತ್ತು. ನನ್ನ ಕಿವಿಯಲ್ಲಿ ಉಳಿದದ್ದು ಮಾತ್ರ ಇದು. ಒದೆಯುತ್ತಿದ್ದಾತ ರಸ್ತೆ ಕೆಲಸದ ಮೇಸ್ತ್ರಿ, ಧರೂರು ಕಡೆಯ ಕುರಿಗಾರರ ಮನೆತನದವ. ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿಬಿದ್ದು, ಯಾರನ್ನು ನೋಡಿದರೂ ತಾತ್ಸಾರದಿಂದ ನೋಡಿದಂತೆ ಕಾಣುತ್ತಿತ್ತು. ನನ್ನನ್ನಂತೂ ನಿಜಕ್ಕೂ ಹಾಗೆಯೇ ನೋಡುತ್ತಿದ್ದ.

ಮಕ್ತಲ್ ಹತ್ತಿರದ ನಮ್ಮ ಎರೆ ಹೊಲದ ಅಂಚಿಗೇ ರಸ್ತೆ. ಅಲ್ಲಿಂದ ಎರಡು ಮಾರು ದೂರದಲ್ಲಿ ನಮ್ಮ ಯಜಮಾನರ ಸಮಾಧಿ. ಮಳೆ ಬಂದರೆ ಮಣ್ಣು ಅಂಬಲಿಯಾಗಿ, ಹಾಕಿದ ಗರಸು-ಜಲ್ಲಿಯೆಲ್ಲ ಒಳಗಿಳಿದು, ರಸ್ತೆ ಕುಸಿದು, ಸಮಾಧಿಯ ಬುಡದಲ್ಲಿ ನೀರು ನಿಲ್ಲುತ್ತಿತ್ತು. ಈ ಸಲ ಮಣ್ಣಿನ ಮೇಲೆ ಜಿಯೋಟೆಕ್ಸ್‌ಟೈಲ್ ಎಂಬ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಗರಸು ಹಾಕುತ್ತಾರೆಂದರು. ನೋಡಲು ಹೋದವಳು ಬಟ್ಟೆಯ ಮೇಲೆ ಒಂದು ಕಾಲಿಟ್ಟೆ.

“ಏ ಟೀಚರಮ್ಮ, ಚಪ್ಪಲಿ ಬಿಡ್ರಿ!” ಮೇಸ್ತ್ರಿ ಕೂಗಿದ.

ಆಳುಗಳೆಲ್ಲ ಬರಿಗಾಲಲ್ಲಿದ್ದರು. ಕುರಿಗಾರರ ದೇವರಾದ ಬೀರಪ್ಪನ ಒಕ್ಕಲಿನವರು ಹಾಸಿದ ಕಂಬಳಿಯನ್ನು ಚಪ್ಪಲಿ ಕಾಲಲ್ಲಿ ತುಳಿಯುವುದಿಲ್ಲ. ಮೇಸ್ತ್ರಿಗೆ ಈ ಬಟ್ಟೆಯೂ ಕಂಬಳಿಯೇ.

“ನಾನ್‌ಸೆನ್ಸ್! ಇದು ಪ್ಲಾಸ್ಟಿಕ್, ನಿನ್ನ ದೇವರ ಕಂಬಳಿ ಅಲ್ಲ.”

“ಹಾಸಿದ ಮ್ಯಾಲ ಕಂಬಳಿನರೀ. ಇಂಗ್ಲೀಷ್ ಓದಿದ ಕಾಲಿಗೆ ಮಣ್ಣು ಹತ್ತಂಗಿಲ್ಲೇನು?”

“ಅಯ್ಯೋ ಪಾಪಂ, ಟೀಚರಮ್ಮ!” ಎಂದು ಹೆಣ್ಣಾಳೊಬ್ಬಳು ಸೆರಗು ಬಾಯಿಗಿಟ್ಟು ನಕ್ಕಳು. ಉಳಿದವರೂ ನಕ್ಕರು. ಹೈದರಾಬಾದಿನ ಕಾನ್ವೆಂಟಿನಲ್ಲಿ ನನಗೆ ಪಾಸ್ಚರ್ ಕಲಿಸಿದ್ದರು, ಟೇಬಲ್ ಮ್ಯಾನರ್ಸ್ ಕಲಿಸಿದ್ದರು. ನಾಲ್ಕು ಜನ ನಕ್ಕಾಗ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ಮನೆಗೆ ಬಂದು ರಸ್ತೆ ಇಲಾಖೆಯ ಸಾಹೇಬರಿಗೆ ಇಂಗ್ಲೀಷಿನಲ್ಲಿ ಕಂಪ್ಲೇಂಟ್ ಬರೆದೆ. ಪ್ಲಾಸ್ಟಿಕ್ ಹಾಸಿದರೆ ನೀರು ಕೆಳಗಿಳಿಯದೆ ಸಮಾಧಿಯ ಕಡೆಗೇ ನುಗ್ಗುತ್ತದೆ, ಕೋರ್ಟಿಗೆ ಹೋಗುತ್ತೇನೆ ಎಂದು. ಹಾನೆಸ್ಟ್ಲಿ, ಹಾಗೆಂದೇ ನಂಬಿದ್ದೆ. ಕೋರ್ಟಿಗೆ ಹೆದರಿದ ಸಾಹೇಬರು ನಮ್ಮ ಹೊಲದ ಉದ್ದಕ್ಕೆ, ಅಂದರೆ ನಲವತ್ತು ಹೆಜ್ಜೆ, ಬಟ್ಟೆ ಬೇಡವೆಂದರು.

ಮರುದಿನ ಮೇಸ್ತ್ರಿ ನಮ್ಮ ಬಾಗಿಲಿಗೆ ಬಂದ. ಬಟ್ಟೆಯ ತುಂಡಿನಲ್ಲಿ ಒಂದು ಹಿಡಿ ಎರೆಮಣ್ಣು ಹಾಕಿ ತಂಬಿಗೆಯ ನೀರು ಸುರಿದ. ಕೆಳಗೆ ತಿಳಿನೀರು ತೊಟ್ಟಿಕ್ಕಿತು. ಮಣ್ಣು ಮೇಲೆಯೇ ಉಳಿಯಿತು.

“ನೀರು ಬಿಡತೈತಿ, ಮಣ್ಣು ಬಿಡಂಗಿಲ್ಲ. ಗರಸು ಒಳಗ ಇಳಿಯಂಗಿಲ್ಲ, ಕೆಸರು ಮ್ಯಾಲ ಬರಂಗಿಲ್ಲ. ದರಖಾಸ್ತು ವಾಪಸ್ ತಗೋರಿ.”

ನನಗೆ ಅರ್ಥವಾಯಿತು. ಅರ್ಥವಾದ ಮೇಲೂ “ಗೆಟ್ ಔಟ್” ಎಂದೆ.

“ನಿಮ್ಮ ಸೊಕ್ಕಿನ್ಯಾಗ ಯಜಮಾನ್ರನ್ನ ಮುಳುಗಸ್ತೀರಿ,” ಎಂದು ತಂಬಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿ ಹೋದ.

ಆ ಮಳೆಗಾಲದಲ್ಲಿ ಗೊಬ್ಬರ ತುಂಬಿದ ಟ್ರ್ಯಾಕ್ಟರುಗಳು ಹೋದರೂ ಉಳಿದ ರಸ್ತೆ ಅಲುಗಲಿಲ್ಲ. ನಮ್ಮ ನಲವತ್ತು ಹೆಜ್ಜೆ ಮಾತ್ರ ಕುಸಿಯಿತು. ನೀರು ನಿಂತು ಸಮಾಧಿಯ ಒಂದು ಮೂಲೆ ಕೆಳಗಿಳಿದು ಬಾಗಿತು. ಸಾಹೇಬರಿಗೆ ಮತ್ತೆ ಬರೆದೆ, ಬೇಡಿಕೊಂಡು. ಯಾರೂ ಬರಲಿಲ್ಲ.

ಒಂದು ಬೆಳಿಗ್ಗೆ ಮೇಸ್ತ್ರಿಯೇ ಬಂದ, ಸಲಿಕೆ ಹಿಡಿದು.

“ಈಗರ ಬಟ್ಟೆ ಹಾಸಪ್ಪ,” ಎಂದೆ.

“ರಸ್ತಾ ಎಲ್ಲಾ ಕಿತ್ತಬೇಕು. ಅದು ನನ್ನ ಕೈಯಾಗಿಲ್ಲ.”

ಸಮಾಧಿಯ ಬುಡದಿಂದ ಹಳ್ಳದವರೆಗೆ ಒಬ್ಬನೇ ಕಾಲುವೆ ತೋಡಿದ. ಉಳಿದುಬಿದ್ದಿದ್ದ ಬಟ್ಟೆಯ ತುಂಡುಗಳನ್ನು ತಳಕ್ಕೆ ಹಾಸಿದ, ಹರಳುಕಲ್ಲು ತುಂಬಿದ, ಹಸುಗೂಸಿಗೆ ಹೊದಿಸುವಂತೆ ಅಂಚುಗಳನ್ನು ಮೇಲೆ ಮಡಚಿದ. ಮಧ್ಯಾಹ್ನದ ಹೊತ್ತಿಗೆ ನಿಂತ ನೀರು ಇಳಿಯತೊಡಗಿತು. ಚಹಾ ತಂದೆ. ಮುಟ್ಟಲಿಲ್ಲ.

“ನಿಮ್ಮ ಸಲುವಾಗಿ ಮಾಡಿಲ್ರಿ. ಒಳಗ ಮಲಗ್ಯಾರಲ್ಲ, ಅವರ ಸಲುವಾಗಿ. ಅವರಿಗೆ ದರಖಾಸ್ತು ಬರಿಯಾಕ ಬರಂಗಿಲ್ಲ.”

ಸಮಾಧಿ ಆಮೇಲೆ ಬಾಗಿಲ್ಲ. ಆಳುಗಳ ಮುಂದೆ ನನ್ನ ಮಾನ ಕಳೆದದ್ದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅವತ್ತು ನಾನು ಥ್ಯಾಂಕ್ಸ್ ಎಂದಿದ್ದರೂ ಆತ ತೆಗೆದುಕೊಳ್ಳುತ್ತಿರಲಿಲ್ಲ. ಹಳ್ಳದಲ್ಲಿ ಕೈ ತೊಳೆದು, ಸಲಿಕೆ ಹೆಗಲಿಗೇರಿಸಿ ರಸ್ತೆಗೆ ಹೋಗಿ ನಿಂತ. ಗದ್ವಾಲಿನ ಬಸ್ಸು ಬಂತು. ಕೈ ಮಾಡಿದ, ಹತ್ತಿದ. ಆತ ತಿರುಗಿ ನೋಡಲಿಲ್ಲ, ನಾನು ಕೂಗಿ ಕರೆಯಲಿಲ್ಲ. ಆತನನ್ನು ಕೊನೆಯ ಸಲ ನೋಡಿದ್ದು ಹಾಗೆ.